ಸ್ವಿಚ್ ಆಮೇಲೆ, ಮೊದಲು ಮೇಜು ಅಳೆಯಿರಿ

ಕೈನೋವು ಅಂತ ನನ್ನ ಹತ್ತಿರ ಬರುವ ಐಟಿಯವರು ಈಗೀಗ ಎಡಗೈಗೊಂದು, ಬಲಗೈಗೊಂದು ಅಂತ ಎರಡು ಹೋಳಾಗಿರುವ ಕೀಬೋರ್ಡ್ ಬಗ್ಗೆ ಚೆನ್ನಾಗಿ ಓದಿಕೊಂಡೇ ಬರುತ್ತಾರೆ. ಕೂತ ತಕ್ಷಣ ಒಂದೇ ಪ್ರಶ್ನೆ: "ಮೇಡಂ, ಮೆಕ್ಯಾನಿಕಲ್‌ನಲ್ಲಿ ರೆಡ್ ಸ್ವಿಚ್ ತಗೊಳ್ಲಾ, ಬ್ರೌನ್ ತಗೊಳ್ಲಾ?" ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀ ಕೆಳಗೂ ಸ್ಪ್ರಿಂಗಿನ ಸ್ವಿಚ್ ಒಂದಿರುತ್ತದೆ, ರೆಡ್, ಬ್ರೌನ್ ಅದರ ಬಗೆಗಳು. ನಾನು ಕೇಳುವುದು, "ನಿಮ್ಮ ಮೇಜು ಎಷ್ಟು ಎತ್ತರ ಇದೆ?" ಇದಕ್ಕೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಇಪ್ಪತ್ತು ಮೂವತ್ತು ಸಾವಿರ ಸುರಿಯಲು ತಯಾರಿರುತ್ತಾರೆ, ಟೇಪ್ ಹಿಡಿದು ಅಳೆದಿರುವುದಿಲ್ಲ. ಫಿಸಿಯೋಥೆರಪಿಸ್ಟ್ ಆಗಿ ನನಗೆ ನಿಜಕ್ಕೂ ಬೇಸರ ತರಿಸುವುದು ಇದು.

ಸ್ವಿಚ್ ವಿಷಯ ಬೇಗ ಮುಗಿಸಿಬಿಡುತ್ತೇನೆ. ಚೆರ್ರಿ ಕಂಪನಿಯ ರೆಡ್ ಸ್ವಿಚ್ ಒತ್ತಲು ಸುಮಾರು 45 ಗ್ರಾಂ ಭಾರ ಸಾಕು. ಬ್ರೌನ್‌ಗೆ 55, ಬ್ಲೂಗೆ 60. ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಆದರೆ 2 ಮಿಲಿಮೀಟರ್ ಆಸುಪಾಸಿನಲ್ಲೇ ಅಕ್ಷರ ಬಿದ್ದಿರುತ್ತದೆ. ಅಲ್ಲಿಂದಾಚೆ ತಳ ಮುಟ್ಟುವ ತನಕ ಕುಟ್ಟುವುದು ನಮ್ಮ ಅಭ್ಯಾಸ, ಸ್ವಿಚ್ಚಿನ ದೋಷ ಅಲ್ಲ. ಹಗುರವಾದಷ್ಟೂ ಒಳ್ಳೆಯದು ಅಂತಲೂ ಇಲ್ಲ. ಬೆರಳಿನ ಭಾರ ಕೀ ಮೇಲೆ ಬಿಡುವವರಿಗೆ ಬೇಡದ ಅಕ್ಷರ ಬೀಳುತ್ತದೆ. ಆ ಹೆದರಿಕೆಗೆ ಬೆರಳುಗಳನ್ನು ಎತ್ತಿ ಹಿಡಿದೇ ಇರುತ್ತಾರೆ, ಸಂಜೆ ಹೊತ್ತಿಗೆ ಮುಂಗೈ ಸೋತಿರುತ್ತದೆ. ಸ್ವಿಚ್ಚುಗಳನ್ನು ಕಿತ್ತು ಬೇರೆ ಹಾಕಲು ಬರುವ ಹಾಟ್‌ಸ್ವಾಪ್ ಕೀಬೋರ್ಡ್ ತಗೊಳ್ಳಿ, ಆಮೇಲೆ ನಿಧಾನವಾಗಿ ನೋಡಿದರಾಯಿತು.

ಈಗ ಎತ್ತರ. ಆಫೀಸಿನ ಮೇಜು ಸಾಮಾನ್ಯವಾಗಿ 75 ಸೆಂಟಿಮೀಟರ್ ಹತ್ತಿರ ಇರುತ್ತದೆ. ಐದಡಿ ಎರಡಿಂಚು ಇರುವವರು ಪಾದ ನೆಲಕ್ಕೂರಿ ಕೂತರೆ ಮೊಣಕೈ ಇರುವುದು ಹೆಚ್ಚುಕಡಿಮೆ 63 ಸೆಂಟಿಮೀಟರ್‌ಗೆ. ಮೇಜಿನ ಮೇಲೆ ಕೀಬೋರ್ಡಿನ ದಪ್ಪ ಇನ್ನೂ ಮೂರು ನಾಲ್ಕು ಸೆಂಟಿಮೀಟರ್. ಮೆಕ್ಯಾನಿಕಲ್ ಕೀಬೋರ್ಡುಗಳು ದಪ್ಪವೇ ಅಲ್ವಾ? ಅಂದರೆ ಕೈ ಇರಬೇಕಾದ ಜಾಗಕ್ಕಿಂತ ಹದಿನೈದು ಹದಿನಾರು ಸೆಂಟಿಮೀಟರ್ ಮೇಲೆ ಟೈಪ್ ಮಾಡುತ್ತಿದ್ದೀರಿ. ಭುಜ ಏರುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಮಣಿಕಟ್ಟಿನೊಳಗಿನ ಇಕ್ಕಟ್ಟಾದ ಓಣಿಯಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಒಂದು ನರವೂ ಹೋಗುತ್ತದೆ. ಕೈ ಹಿಂದಕ್ಕೆ ಬಾಗಿದಷ್ಟೂ ಅಲ್ಲಿ ಒತ್ತಡ ಜಾಸ್ತಿ.

ದಯವಿಟ್ಟು ಇದನ್ನು ಗಮನಿಸಿ. ಕೀಬೋರ್ಡನ್ನು ಎರಡು ಹೋಳು ಮಾಡಿದರೆ ಕೈ ಕಿರುಬೆರಳಿನ ಕಡೆಗೆ ತಿರುಚುವುದು ತಪ್ಪುತ್ತದೆ. ಒಳಬದಿ ಎತ್ತಿ ಇಳಿಜಾರು ಮಾಡಿದರೆ ಅಂಗೈ ಪೂರ್ತಿ ಕವುಚಿ ಇಡಬೇಕಾಗುವುದಿಲ್ಲ. ಆದರೆ ಮಣಿಕಟ್ಟು ಹಿಂದಕ್ಕೆ ಬಾಗುವುದನ್ನು ಇವೆರಡೂ ಸರಿಮಾಡುವುದಿಲ್ಲ. ಒಳಬದಿ ಎತ್ತಿದಾಗ ಕೀಬೋರ್ಡ್ ಇನ್ನಷ್ಟು ಮೇಲೇರುತ್ತದೆ. ಹಾಗಾಗಿ ಮೇಜು ತಗ್ಗಿಸಿ, ಇಲ್ಲವೇ ಕುರ್ಚಿ ಏರಿಸಿ ಕಾಲ ಕೆಳಗೆ ಮಣೆ ಇಟ್ಟುಕೊಳ್ಳಿ. ಕೀಬೋರ್ಡಿನ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿಬಿಡಿ. ಟೈಪ್ ಮಾಡುವಾಗ ಪಕ್ಕದಿಂದ ಯಾರಾದರೂ ಒಂದು ಫೋಟೊ ತೆಗೆಯಲಿ. ಮುಂಗೈ, ಹಸ್ತದ ಹಿಂಭಾಗ ಒಂದೇ ಗೆರೆಯಲ್ಲಿದ್ದರೆ ಸರಿ.

ಕೀಬೋರ್ಡ್ ಬಂದ ಮೇಲೂ ಎರಡು ಹೋಳುಗಳನ್ನು ಅಂಟಿಸಿಟ್ಟಂತೆ ಇಡುವವರಿದ್ದಾರೆ. ಹಾಗಿಟ್ಟರೆ ದುಡ್ಡು ದಂಡ. ಭುಜದಗಲಕ್ಕೆ ಸರಿಸಿ. ನಂಬರ್ ಪ್ಯಾಡ್ ಇಲ್ಲದ್ದಾದರೆ ಮೌಸ್ ಹತ್ತಿರ ಬರುತ್ತದೆ, ಭುಜಕ್ಕೆ ಅದೇ ದೊಡ್ಡ ಉಪಕಾರ.

ದುಡ್ಡು ಹಾಕುವ ಮುಂಚೆ ಮನೆಯಲ್ಲೇ ನೋಡಬಹುದು. ಎರಡು ಸಾದಾ ಕೀಬೋರ್ಡುಗಳನ್ನು ಒಂದೇ ಕಂಪ್ಯೂಟರಿಗೆ ಚುಚ್ಚಿ ಪಕ್ಕಪಕ್ಕ ಇಡಿ. ಎಡಗಡೆಯದು ಚಿಕ್ಕದಾಗಿದ್ದರೆ ಒಳ್ಳೆಯದು. ಎಡಗೈ ಎಡಗಡೆಯದರ ಮೇಲೆ, ಬಲಗೈ ಬಲಗಡೆಯದರ ಮೇಲೆ. ವಿಂಡೋಸ್‌ನಲ್ಲಿ ಒಂದರ ಶಿಫ್ಟ್ ಒತ್ತಿ ಇನ್ನೊಂದರಲ್ಲಿ ಅಕ್ಷರ ಹೊಡೆಯಬಹುದು, ಮ್ಯಾಕ್‌ನಲ್ಲಿ ಹಾಗೆ ಆಗುವುದಿಲ್ಲ. ಒಂದೆರಡು ವಾರ ಹೀಗೆ ಕೆಲಸ ಮಾಡಿ ಭುಜ ಹಗುರಾದರೆ ಆಮೇಲೆ ಕೊಳ್ಳಿ.

ಚಾಮರಾಜಪೇಟೆಯ ಒಬ್ಬ ಡಿಟಿಪಿ ಅಕ್ಕ ಬರುತ್ತಿದ್ದರು. ಎಡಗೈ ಕಿರುಬೆರಳಿನ ಬುಡದಲ್ಲಿ ನೋವು. ಟೈಪ್ ಮಾಡಿ ತೋರಿಸಿ ಅಂದೆ. ಅವರು ಕನ್ನಡ ಟೈಪ್ ಮಾಡಲು ಬಳಸುವ ಕೆ.ಪಿ. ರಾವ್ ಕೀಲಿ ವಿನ್ಯಾಸದಲ್ಲಿ ಮಹಾಪ್ರಾಣಕ್ಕೆ ಶಿಫ್ಟ್, ದೀರ್ಘಕ್ಕೆ ಶಿಫ್ಟ್, ಳ, ಣ, ಶಗಳಿಗೂ ಶಿಫ್ಟ್. 'ಶಾಲೆಗಳು' ಅಂತ ಬರೆಯಲು ಮೂರು ಸಲ. ಆ ಕಿರುಬೆರಳು ದಿನವಿಡೀ ಮೂಲೆಗೆ ಚಾಚಿಕೊಂಡೇ ಇತ್ತು. ಇಂಗ್ಲಿಷ್ ಮಾತ್ರ ಟೈಪ್ ಮಾಡುವವರ ಸಲಹೆಗಳಲ್ಲಿ ಈ ಮಾತು ಸಿಗುವುದಿಲ್ಲ. ಮೊದಲು ವಿಂಡೋಸ್‌ನ ಸ್ಟಿಕಿ ಕೀಸ್ ಹಾಕಿಸಿದೆ. ಅದರಲ್ಲಿ ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ಅಕ್ಷರ ಒತ್ತಿದರೆ ಸಾಕು. ಒಂದು ಕಾಸೂ ಖರ್ಚಿಲ್ಲ. ಅಷ್ಟಕ್ಕೇ ನೋವು ಅರ್ಧ ಇಳಿಯಿತು. ಮುಂದೆ ಅವರು ಹೋಳು ಕೀಬೋರ್ಡ್ ಕೊಂಡಾಗ ಶಿಫ್ಟನ್ನು ಹೆಬ್ಬೆರಳಿನ ಕೀಗೆ ಕೊಟ್ಟೆವು. ಹೆಬ್ಬೆರಳು ಗಟ್ಟಿಗ, ಬರೀ ಸ್ಪೇಸ್ ಒತ್ತಿಕೊಂಡು ಕೂತಿರುತ್ತದೆ. ಕನ್ನಡ ಟೈಪ್ ಮಾಡುವವರು ಕೀಬೋರ್ಡ್ ಆರಿಸುವಾಗ ಹೆಬ್ಬೆರಳಿಗೆ ಎಷ್ಟು ಕೀ ಇವೆ, ಅವುಗಳ ಕೆಲಸ ಬದಲಿಸಲು ಬರುತ್ತದೋ ಅಂತ ನೋಡಲೇಬೇಕು.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರ ಆಗುತ್ತಿದ್ದರೆ, ಲೋಟ ಕೈಜಾರುತ್ತಿದ್ದರೆ, ಕೀಬೋರ್ಡ್ ಹುಡುಕುತ್ತಾ ತಿಂಗಳು ಕಳೆಯಬೇಡಿ. ಮೊದಲು ಡಾಕ್ಟರ ಹತ್ತಿರ ಹೋಗಿ. ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ತೊಂದರೆ ಮೊಣಕೈಯಲ್ಲೂ ಇರಬಹುದು, ಅದಕ್ಕೆ ದಾರಿ ಬೇರೆ.

ಹೊಸ ಕೀಬೋರ್ಡಿಗೆ ಕೈ ಕೂರಲು ಕೆಲವು ವಾರ ಬೇಕು. 'ಬಿ' ಕೀಯನ್ನು ಬಲಗೈಯಲ್ಲಿ ಒತ್ತುವ ಅಭ್ಯಾಸ ಇದ್ದವರ ಬೆರಳು ಖಾಲಿ ಮೇಜಿಗೆ ಬಡಿಯುತ್ತದೆ, ಏಕೆಂದರೆ ಆ ಕೀ ಸಾಮಾನ್ಯವಾಗಿ ಎಡ ಹೋಳಿನಲ್ಲಿರುತ್ತದೆ. ವೇಗ ಅರ್ಧಕ್ಕೆ ಬೀಳಬಹುದು. ಆದ್ದರಿಂದ ಕೆಲಸದ ಒತ್ತಡ ಇರುವಾಗ ಬದಲಿಸಬೇಡಿ. ಆ ಅಕ್ಕ ದೀಪಾವಳಿ ವಿಶೇಷಾಂಕಗಳ ಕೆಲಸ ಮುಗಿಯುವ ತನಕ ಡಬ್ಬ ಒಡೆಯಲಿಲ್ಲ.