ಸೂರ್ಯಾಸ್ತದ ಪ್ಯಾಕೇಜ್: ದರಕ್ಕಿಂತ ಮೊದಲು ಹೊತ್ತು ಕೇಳಿ

ಪ್ರಶ್ನೆ: ಅತ್ತೆ-ಮಾವನನ್ನು ಕರೆದುಕೊಂಡು ಡಿಸೆಂಬರ್‌ನಲ್ಲಿ ಮಂಗಳೂರು, ಉಡುಪಿಗೆ ಬರುತ್ತಿದ್ದೇವೆ. ಗುಡ್ಡದ ಮೇಲಿನಿಂದ ಸೂರ್ಯಾಸ್ತ ತೋರಿಸುವ, ಗೈಡ್ ಇರುವ ಪ್ಯಾಕೇಜ್ ಆರಿಸುವುದು ಹೇಗೆ?

ಉತ್ತರ: ಕೊನೆಯ ಜಾಗಕ್ಕೆ ಎಷ್ಟು ಗಂಟೆಗೆ ಮುಟ್ಟಿಸುತ್ತೀರಿ, ಅಲ್ಲಿಂದ ಎಷ್ಟಕ್ಕೆ ಹೊರಡಿಸುತ್ತೀರಿ? ಮೊದಲು ಇದನ್ನು ಕೇಳಿ. ನಮ್ಮ ಕರಾವಳಿಯಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು ಆರರ ಆಸುಪಾಸಿಗೆ, ಮಾರ್ಚ್ ನಡುವಿಗೆ ಸುಮಾರು 6:40ಕ್ಕೆ, ಜೂನ್ ಕೊನೆಗೆ ಏಳರ ಹತ್ತಿರ. ವರ್ಷವಿಡೀ ಒಂದೇ ವೇಳಾಪಟ್ಟಿ ಇಟ್ಟುಕೊಂಡವರನ್ನು ನಂಬಬೇಡಿ. ಬಿಂಬ ಮರೆಯಾದ ಮೇಲೂ ಕಾಲು ಗಂಟೆ ಬಾನಿನಲ್ಲಿ ಬಣ್ಣ ಉಳಿಯುತ್ತದೆ. ಅಷ್ಟರಲ್ಲಿ ಚಾಲಕ ಹಾರ್ನ್ ಹೊಡೆಯಲು ಶುರುಮಾಡಿದರೆ ಕೊಟ್ಟ ಹಣ ದಂಡ.

ಒಂದೇ ಸಂಜೆಗೆ ನಾಲ್ಕು ಜಾಗ ತುರುಕಿದ ಪ್ಯಾಕೇಜ್ ಬೇಡ. ಸೈಂಟ್ ಮೇರೀಸ್ ದ್ವೀಪದಲ್ಲಿ ಸೂರ್ಯಾಸ್ತ ಎಂದರಂತೂ ಮಾತು ಅಲ್ಲಿಗೇ ಮುಗಿಸಿ. ದ್ವೀಪದಿಂದ ಮಲ್ಪೆಗೆ ಕೊನೆಯ ದೋಣಿ ಅದಕ್ಕೂ ಮೊದಲೇ ಹೊರಟಿರುತ್ತದೆ.

ಇನ್ನು ಗುಡ್ಡಗಳು. ಮಂಗಳೂರಿನ ಬಾವುಟಗುಡ್ಡೆಯ ಠಾಗೋರ್ ಪಾರ್ಕ್‌ನಿಂದ ಸಮುದ್ರ ಕಾಣುತ್ತದೆ, ಆದರೆ ನಡುವೆ ಕಟ್ಟಡಗಳೂ ಕಾಣುತ್ತವೆ. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ಕೆಳಗೆ ಸ್ವರ್ಣಾ ನದಿ, ಅದರಾಚೆಗೆ ಹಸಿರು. ಇಲ್ಲಿಗೆ ಗೈಡ್ ಏಕೆ? ರಿಕ್ಷಾ ಸಾಕು, ಗೇಟು ಮುಚ್ಚುವ ಹೊತ್ತು ಮಾತ್ರ ವಿಚಾರಿಸಿಕೊಳ್ಳಿ.

ಗೈಡ್‌ಗೆ ಕೊಟ್ಟ ಹಣ ಸಾರ್ಥಕವಾಗುವುದು ಮಂಗಳೂರಿನದೇ ಕದ್ರಿ ಗುಡ್ಡದಲ್ಲಿ. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ, ಆಳುಪ ದೊರೆ ಕುಂದವರ್ಮನ ಕಾಲದ್ದು. ಬೌದ್ಧ ಮೂರ್ತಿ ಶಿವಾಲಯದಲ್ಲಿ ಹೇಗೆ ಎಂದು ಗೈಡ್‌ನನ್ನೇ ಕೇಳಿ. ತಡವರಿಸಿದರೆ ಆತ ಗೈಡ್ ಅಲ್ಲ, ವ್ಯಾನಿಗೆ ಜನ ತುಂಬುವವನು. ಮೇಲೆ ಜೋಗಿ ಮಠದ ಕಡೆಗೆ ಮೆಟ್ಟಿಲು ಹತ್ತಬೇಕು. ನಿಮ್ಮ ಮಾವನವರ ಮಂಡಿ ಹೇಗಿದೆ ಎಂದು ಬುಕ್ ಮಾಡುವಾಗಲೇ ವಿಚಾರಿಸುವ ಸಂಸ್ಥೆ ಸಿಕ್ಕಿದರೆ ಬಿಡಬೇಡಿ.

ಸೂರ್ಯ ಸಮುದ್ರಕ್ಕೇ ಇಳಿಯುವುದನ್ನು ನೋಡಲೇಬೇಕೆಂದಿದ್ದರೆ ಗುಡ್ಡದ ಹಟ ಬಿಟ್ಟು ಉಡುಪಿ ಬಳಿಯ ಕಾಪು ಕಡಲತೀರಕ್ಕೆ ಹೋಗಿ. 1901ರ ದೀಪಸ್ತಂಭವನ್ನು ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಹತ್ತಲಾಗದ ಹಿರಿಯರು ಕೆಳಗೆ ಮರಳಿನ ಮೇಲೆ ಕುಳಿತೂ ನೋಡಬಹುದು.

ಮೋಡ ಕವಿದರೆ ಹಣ ವಾಪಸ್ ಕೊಡುತ್ತಾರೋ, ಇನ್ನೊಂದು ಸಂಜೆ ಕರೆದೊಯ್ಯುತ್ತಾರೋ ಎಂಬುದನ್ನು ಬರೆಸಿಕೊಳ್ಳಿ. ಡಿಸೆಂಬರ್‌ನಲ್ಲಿ ಆ ಪ್ರಸಂಗ ಅಪರೂಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಪ್ಯಾಕೇಜ್ ಮಾರುವವರ ಧೈರ್ಯವನ್ನು ಮಾತ್ರ ಮೆಚ್ಚಬೇಕು.