ಮುತ್ತಾತನ ಹೆಸರಿಗೆ ‘ಸರ್’ ಸೇರಿಸುವ ಮುನ್ನ

ಹಳೆಯ ಪದಕಗಳನ್ನು ಗುರುತಿಸುವುದು ನನ್ನ ಕೆಲಸ. ಮುತ್ತಾತನಿಗೆ ಬ್ರಿಟಿಷರು ‘ಸರ್’ ಪದವಿ ಕೊಟ್ಟಿದ್ದರು ಅಂತ ಹೇಳಿಕೊಂಡು ಪದಕ ತರುವವರು ಜಾಸ್ತಿ. ಪೆಟ್ಟಿಗೆಯೊಳಗೆ ಹೆಚ್ಚಾಗಿ ಇರುವುದು ಸಿ.ಐ.ಇ. ಎಂಬ, ಬ್ರಿಟಿಷ್ ಗೌರವವೊಂದರ ಕೆಳಗಿನ ದರ್ಜೆಯ ಪದಕ. ಅದು ದೊಡ್ಡ ಗೌರವವೇ, ಆದರೆ ಅದರ ಜೊತೆ ‘ಸರ್’ ಬರುತ್ತಿರಲಿಲ್ಲ.

ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಎಂದು 1877ರಲ್ಲಿ ದೆಹಲಿ ದರ್ಬಾರಿನಲ್ಲಿ ಬ್ರಿಟಿಷರು ಸಾರಿದರು. ಅದರ ನೆನಪಿಗೆ 1878ರಲ್ಲಿ ಹುಟ್ಟಿದ್ದು ‘ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್’ ಎಂಬ ಗೌರವ; ಸಿ.ಐ.ಇ. ಇದರದ್ದೇ. 1861ರ ‘ಸ್ಟಾರ್ ಆಫ್ ಇಂಡಿಯಾ’ ಎಂಬ ಇನ್ನೊಂದು ಆರ್ಡರ್ ಇದಕ್ಕಿಂತ ಮೇಲಿನದು. ರಾಜರನ್ನೂ ಅಧಿಕಾರಿಗಳನ್ನೂ ಸಾಮ್ರಾಜ್ಯಕ್ಕೆ ಕಟ್ಟಿಹಾಕುವ ಉಪಾಯವೂ ಇದರಲ್ಲಿತ್ತು. ಅದನ್ನು ಮರೆಯಬಾರದು.

ಶುರುವಿನಲ್ಲಿ ಇದ್ದದ್ದು ‘ಕಂಪ್ಯಾನಿಯನ್’ ಎಂಬ ಒಂದೇ ದರ್ಜೆ, ಅಂದರೆ ಸಿ.ಐ.ಇ. 1887ರ ಹೊತ್ತಿಗೆ ಮೂರಾದವು. ಮೇಲೆ ಜಿ.ಸಿ.ಐ.ಇ., ನಡುವೆ ಕೆ.ಸಿ.ಐ.ಇ., ಕೆಳಗೆ ಸಿ.ಐ.ಇ. ‘ಸರ್’ ಸಿಗುತ್ತಿದ್ದದ್ದು ಮೇಲಿನ ಎರಡಕ್ಕೆ ಮಾತ್ರ. ಬ್ರಿಟನ್ನಿನ ಬೇರೆ ಆರ್ಡರುಗಳಲ್ಲಿ ಮೇಲಿನ ದರ್ಜೆಗೆ ‘ಗ್ರ್ಯಾಂಡ್ ಕ್ರಾಸ್’ ಅಂತ ಹೆಸರು. ಹಿಂದೂ, ಮುಸ್ಲಿಂ ರಾಜರಿಗೆ ಶಿಲುಬೆ ಒಗ್ಗದು ಅಂತ ಇಲ್ಲಿ ‘ಗ್ರ್ಯಾಂಡ್ ಕಮಾಂಡರ್’ ಎಂದರು. ಪದಕದಲ್ಲೂ ಶಿಲುಬೆ ಇಲ್ಲ. ಐದು ಎಸಳಿನ ಕೆಂಪು ಗುಲಾಬಿ, ನಡುವೆ ರಾಣಿಯ ಮುಖ, ಕಡುನೀಲಿ ರಿಬ್ಬನ್. ಆರಂಭದ ಪದಕಗಳಲ್ಲಿ ‘ಇಂಡಿಯಾ’ದ ಐದು ಇಂಗ್ಲಿಷ್ ಅಕ್ಷರ ಎಸಳಿಗೊಂದರಂತೆ ಇರುತ್ತಿದ್ದವು. ಅಂಥದ್ದು ಸಿಕ್ಕರೆ ನನಗೆ ಹಬ್ಬ. ದಯವಿಟ್ಟು ಅದನ್ನು ಉಜ್ಜಿ ಹೊಳಪು ಮಾಡಬೇಡಿ, ಎನಾಮೆಲ್ ಚಕ್ಕೆ ಏಳುತ್ತದೆ.

ಹಳೇ ಫೋಟೊದಲ್ಲಿ ದರ್ಜೆ ತಿಳಿಯಲು ಎದೆ ನೋಡಿ. ಮೇಲಿನ ಎರಡು ದರ್ಜೆಯವರಿಗೆ ಪದಕದ ಜೊತೆ ಹತ್ತು ಮೊನೆಯ ದೊಡ್ಡ ನಕ್ಷತ್ರವೂ ಇರುತ್ತಿತ್ತು. ಕೆ.ಸಿ.ಐ.ಇ.ಯದು ಬರೀ ಬೆಳ್ಳಿ, ಜಿ.ಸಿ.ಐ.ಇ.ಯದು ಚಿನ್ನ ಬೆಳ್ಳಿ ಎರಡೂ. ಸಿ.ಐ.ಇ.ಗೆ ನಕ್ಷತ್ರವೇ ಇಲ್ಲ.

ಮೈಸೂರಿನ ದಿವಾನರನ್ನೇ ತೆಗೆದುಕೊಳ್ಳಿ. ರಂಗಾಚಾರ್ಲು ಅವರದು ಸಿ.ಐ.ಇ., ಹಾಗಾಗಿ ಅವರು ‘ಸರ್’ ಅಲ್ಲ. ಶೇಷಾದ್ರಿ ಅಯ್ಯರ್ ಅವರದು ಸ್ಟಾರ್ ಆಫ್ ಇಂಡಿಯಾದ ಕೆ.ಸಿ.ಎಸ್.ಐ., ಅವರು ‘ಸರ್’. ವಿಶ್ವೇಶ್ವರಯ್ಯನವರಿಗೆ ಸಿ.ಐ.ಇ. ಬಂದದ್ದು 1911ರಲ್ಲಿ, ಕೆ.ಸಿ.ಐ.ಇ. 1915ರಲ್ಲಿ. 1912ರಲ್ಲಿ ದಿವಾನರಾದಾಗ ಅವರಿನ್ನೂ ‘ಸರ್ ಎಂ.ವಿ.’ ಆಗಿರಲಿಲ್ಲ. ಆ ವರ್ಷದ ಫೋಟೊ ಕೆಳಗೆ ‘ಸರ್’ ಎಂದಿದ್ದರೆ, ಆ ಬರಹ 1915ರ ನಂತರದ್ದು ಅಂತ ಧೈರ್ಯವಾಗಿ ಹೇಳಬಹುದು.