ಸೀರಿಯಲ್ ಲಾಗಿನ್: ಮೊದಲು ಕೇಬಲ್ ನೋಡಿ

ಹಳೆಯ ಎರಡು ಕಂಪ್ಯೂಟರ್‌ಗಳನ್ನು ಸೀರಿಯಲ್ ಪೋರ್ಟಿನಲ್ಲಿ ಜೋಡಿಸಿ, ಒಂದರ ಕೀಬೋರ್ಡಿನಿಂದ ಇನ್ನೊಂದಕ್ಕೆ ಲಾಗಿನ್ ಆಗಲು ಮೂರು ತಂತಿ ಸಾಕು. ಪರದೆ ಖಾಲಿ ಇದ್ದರೆ ತಕ್ಷಣ ಸೆಟ್ಟಿಂಗ್ ಕೆದಕಬೇಡಿ. ತಪ್ಪು ಹೆಚ್ಚಾಗಿ ಕೇಬಲಿನಲ್ಲೇ ಇರುತ್ತದೆ.

9 ಪಿನ್ನಿನ ಪೋರ್ಟಿನಲ್ಲಿ 2 ಕೇಳುವ ಪಿನ್, 3 ಹೇಳುವ ಪಿನ್, 5 ಗ್ರೌಂಡ್. ಎರಡೂ ಕಡೆ ಕಂಪ್ಯೂಟರೇ ಇರುವುದರಿಂದ ಈ ತುದಿಯ 3 ಆ ತುದಿಯ 2ಕ್ಕೆ, 2 ಅಲ್ಲಿನ 3ಕ್ಕೆ ಅಡ್ಡಡ್ಡ ಹೋಗಬೇಕು, 5 ನೇರ. ಇದೇ ನಲ್ ಮೋಡೆಮ್ ಕೇಬಲ್. 25 ಪಿನ್ನಿನ ಪೋರ್ಟಿನಲ್ಲಿ ಮಾತ್ರ 2 ಹೇಳುತ್ತದೆ, 3 ಕೇಳುತ್ತದೆ, ಗ್ರೌಂಡ್ 7. ಹಾಗಾಗಿ 9ರಿಂದ 25ಕ್ಕೆ ಹೋಗುವಾಗ 2ಕ್ಕೆ 2, 3ಕ್ಕೆ 3, 5ಕ್ಕೆ 7. ಇಲ್ಲಿ ಅಭ್ಯಾಸಬಲದಿಂದ ಅಡ್ಡ ಹಾಕಿದರೆ ಕೆಲಸ ಕೆಟ್ಟಿತು. ಬೆಸುಗೆ ಹಾಕುವಾಗ ಕನೆಕ್ಟರಿನ ಹಿಂಬದಿಯಲ್ಲಿ ಎಣಿಕೆ ತಿರುವುಮುರುವಾಗಿ ಕಾಣುತ್ತದೆ. ಪಿನ್ನಿನ ಪಕ್ಕದಲ್ಲೇ ಅಚ್ಚಾಗಿರುವ ಪುಟ್ಟ ಅಂಕಿಯನ್ನೇ ನಂಬಿ.

ಎರಡೂ ತುದಿಯಲ್ಲಿ 9 ಪಿನ್ ಇರುವ ಕೇಬಲ್ ಕೈಯಲ್ಲಿದ್ದರೆ, ಅದು ಯಾವುದೆಂದು ಮಲ್ಟಿಮೀಟರ್ ಹೇಳುತ್ತದೆ. ಒಂದು ತುದಿಯನ್ನಷ್ಟೇ ಚಾಲೂ ಇರುವ ಯಂತ್ರಕ್ಕೆ ಸಿಕ್ಕಿಸಿ, ಸೀರಿಯಲ್ ಪೋರ್ಟಿನೊಡನೆ ಮಾತಾಡುವ ಮಿನಿಕಾಮ್ ತಂತ್ರಾಂಶದಲ್ಲಿ ಪೋರ್ಟ್ ತೆರೆದಿಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಖಾಲಿ ತುದಿಯ 5ಕ್ಕೂ ಕೆಂಪನ್ನು 2ಕ್ಕೂ ಮುಟ್ಟಿಸಿ. ಸಾಮಾನ್ಯವಾಗಿ ಮೈನಸ್ 5ರಿಂದ ಮೈನಸ್ 12ರೊಳಗೆ ಬಂದರೆ ಅದು ನಲ್ ಮೋಡೆಮ್. ಆ ವೋಲ್ಟೇಜ್ 3ರಲ್ಲಿ ಸಿಕ್ಕರೆ ನೇರ ಕೇಬಲ್, ಇಲ್ಲಿ ನಡೆಯದು. ಬಳಿಕ ಅದೇ ತುದಿಯ 2 ಮತ್ತು 3ನ್ನು ಒಂದು ಚೂರು ತಂತಿಯಿಂದ ಕೂಡಿಸಿ ಟೈಪ್ ಮಾಡಿ. ಅಕ್ಷರ ಪರದೆಯ ಮೇಲೆ ಮೂಡಿ, ತಂತಿ ತೆಗೆದೊಡನೆ ನಿಂತರೆ ಪೋರ್ಟೂ ಸರಿ, ಕೇಬಲೂ ಸರಿ. ಟೈಪ್ ಮಾಡಿದ್ದನ್ನು ತಾನೇ ಪರದೆಗೆ ಬರೆಯುವ ಮಿನಿಕಾಮ್‌ನ ಲೋಕಲ್ ಎಕೋ ಆಫ್ ಇರಬೇಕು, ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ.

ಲಾಗಿನ್ ಕೊಡುವ ಹಳೆಯ ಲಿನಕ್ಸ್ ಯಂತ್ರದಲ್ಲಿ, ಶುರುವಾಗುವಾಗ ಏನೇನು ನಡೆಸಬೇಕೆಂದು ಹೇಳುವ ಇನಿಟ್‌ಟ್ಯಾಬ್ ಕಡತದಲ್ಲಿ, ಟಿಟಿವೈಎಸ್0ಗೆ (ಮೊದಲ ಸೀರಿಯಲ್ ಪೋರ್ಟಿಗೆ) ಒಂದು ಗೆಟ್ಟಿ ಸಾಲು ಬೇಕು. ಲಾಗಿನ್ ಸಾಲನ್ನು ತೋರಿಸುವ ಪ್ರೋಗ್ರಾಂ ಗೆಟ್ಟಿ. ವೇಗ ಸೆಕೆಂಡಿಗೆ 9600 ಬಿಟ್, ಟರ್ಮಿನಲ್ ಮಾದರಿ ವಿಟಿ100. ಗೆಟ್ಟಿಗೆ ದೊಡ್ಡ ಎಲ್ ಆಯ್ಕೆ ಕೊಡುವುದನ್ನು ಮರೆಯಬೇಡಿ. ಆ ಕಡೆ ಸಂಪರ್ಕ ಸಿಕ್ಕಿದೆ ಎಂದು ಹೇಳುವ ಕ್ಯಾರಿಯರ್ ಸಂಕೇತ ಮೂರು ತಂತಿಯ ಕೇಬಲಿನಲ್ಲಿ ಬರುವುದೇ ಇಲ್ಲ. ಈ ಆಯ್ಕೆ ಇಲ್ಲದಿದ್ದರೆ ಗೆಟ್ಟಿ ಅದಕ್ಕಾಗಿ ಕಾಯುತ್ತಲೇ ಇರಬಹುದು. ಯಂತ್ರದ ಮುಖ್ಯ ಬಳಕೆದಾರ ರೂಟ್‌ಗೆ ಮಾತ್ರ ಲಾಗಿನ್ ಆಗದಿದ್ದರೆ ಸೆಕ್ಯೂರ್‌ಟಿಟಿವೈ ಕಡತದಲ್ಲಿ ಪೋರ್ಟಿನ ಹೆಸರು ಇದೆಯೇ ನೋಡಿ.

ಲಾಗಿನ್ ಸಾಲು ಕಾಣುತ್ತದೆ, ಟೈಪ್ ಮಾಡಿದ್ದು ಮಾತ್ರ ಹೋಗುವುದಿಲ್ಲ ಎನ್ನುವುದು ತುಂಬ ಸಾಮಾನ್ಯ ತೊಡಕು. ಆ ಕಡೆಯಿಂದ ಅನುಮತಿ ಬಂದ ಮೇಲಷ್ಟೇ ಕಳಿಸುವ ಮಿನಿಕಾಮ್‌ನ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಇದ್ದು, 8ನೇ ಪಿನ್ನಿಗೆ ಬರಬೇಕಾದ ಅನುಮತಿಗೆ ತಂತಿಯೇ ಇಲ್ಲದಾಗ ಹೀಗಾಗುತ್ತದೆ. ಅದನ್ನು ಆಫ್ ಮಾಡಿ. ಪರದೆ ತುಂಬ ಅಸಂಬದ್ಧ ಚಿಹ್ನೆಗಳು ಬಂದರೆ ಎರಡು ಕಡೆಯ ವೇಗ ಬೇರೆ ಬೇರೆ ಇರಬಹುದು.

ಸಾಮಾನ್ಯವಾಗಿ ಒಂದು ಅಕ್ಷರಕ್ಕೆ 10 ಬಿಟ್, ಹಾಗಾಗಿ 9600ರಲ್ಲಿ ಸೆಕೆಂಡಿಗೆ 960 ಅಕ್ಷರ. 80 ಅಕ್ಷರದ 24 ಸಾಲು ತುಂಬಲು ಎರಡು ಸೆಕೆಂಡು. ಸಾಲದೆನಿಸಿ 115200ಕ್ಕೆ ಏರಿಸಿದರೆ ಅಕ್ಷರಗಳು 87 ಮೈಕ್ರೊಸೆಕೆಂಡಿಗೊಂದರಂತೆ ನುಗ್ಗುತ್ತವೆ. ಸೀರಿಯಲ್ ಪೋರ್ಟನ್ನು ನಡೆಸುವ ಹಳೆಯ 8250, 16450 ಚಿಪ್‌ಗಳಲ್ಲಿ ಬಂದ ಅಕ್ಷರಕ್ಕೆ ಒಂದೇ ಬೈಟಿನ ಜಾಗ. ಪ್ರೊಸೆಸರ್ ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಮುಂದಿನದು ಬಂದು ಬಿದ್ದು, ಅಕ್ಷರ ಕಳೆದುಹೋಗುತ್ತದೆ. 16550ಎ ಚಿಪ್ಪಿನಲ್ಲಿ 16 ಬೈಟ್ ಹಿಡಿಸುತ್ತದೆ. ಯಾವ ಚಿಪ್ ಎಂಬುದನ್ನು ಲಿನಕ್ಸಿನ ಸೆಟ್‌ಸೀರಿಯಲ್ ಆಜ್ಞೆ ತೋರಿಸುತ್ತದೆ. ಹಳೆಯದಾಗಿದ್ದರೆ 9600ರಲ್ಲೇ ಇರಿ.